ಬೆಮಲ್‌ನ ಟ್ಯಾಂಕ್ ನೇಗಿಲು: ದೂರದಿಂದ ಎರಚಿದ ಮೈನ್‌ಗಳ ಎದುರು ಎಷ್ಟು ನಂಬಬಹುದು?

ಕೆಜಿಎಫ್ ಕಡೆಯವರಿಗೆ ಬೆಮಲ್ ಅಂದರೆ ಬುಲ್ಡೋಜರ್, ಎಕ್ಸ್‌ಕವೇಟರ್. ಅದೇ ಕಂಪನಿಗೆ ರಕ್ಷಣಾ ಸಚಿವಾಲಯ 2020ರ ಜುಲೈನಲ್ಲಿ ಟಿ-90 ಟ್ಯಾಂಕ್‌ಗಳಿಗೆ 1,512 ಮೈನ್ ಪ್ಲೌಗಳ, ಅಂದರೆ ನೆಲಬಾಂಬ್ (ಮೈನ್) ತೆರವು ಮಾಡುವ ನೇಗಿಲುಗಳ, ಆರ್ಡರ್ ಕೊಟ್ಟಿತು. ಮೊತ್ತ ಸುಮಾರು 557 ಕೋಟಿ, ತಲಾ 37 ಲಕ್ಷದ ಆಸುಪಾಸು. ಸುಮಾರು 46 ಟನ್‌ನ ಟ್ಯಾಂಕನ್ನೂ ಒಳಗಿನ ಮೂವರನ್ನೂ ಉಳಿಸುವ ಸಾಮಾನಿಗೆ ಇದು ದುಬಾರಿ ಬೆಲೆಯಲ್ಲ. ಆದರೆ ಈ ಬಗೆಯ ನೇಗಿಲು ಹುಟ್ಟಿದ್ದು ಹೂತಿಟ್ಟ ಮೈನ್‌ಗಳಿಗಾಗಿ. ಈಗಿನ ಯುದ್ಧದಲ್ಲಿ ಮೈನ್ ಆಕಾಶದಿಂದ ಬೀಳುತ್ತದೆ.

ಕೆಲಸ ಸರಳ. ಟ್ಯಾಂಕ್ ಉರುಳುವ ಎರಡು ಉಕ್ಕಿನ ಚೈನ್‌ಗಳ ಮುಂದೆ ಒಂದೊಂದು ಹಲಗೆ, ಅದರ ಕೆಳಗೆ ಹಲ್ಲುಗಳು. ಹಲ್ಲು ಮಣ್ಣಿಗಿಳಿದು ಮೈನನ್ನು ಮೇಲೆತ್ತುತ್ತದೆ, ಹಲಗೆ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಉಳುವಾಗ ಟ್ಯಾಂಕ್ ನೇರವಾಗಿ, ನಿಧಾನವಾಗಿ ಹೋಗಬೇಕು. ತಿರುವು ತೆಗೆದುಕೊಂಡರೆ ಹಲಗೆ ಒಂದು ಕಡೆ, ಚೈನ್ ಇನ್ನೊಂದು ಕಡೆ. ಹಿಂದೆ ಬರುವವರೂ ಅದೇ ಜಾಡಿನಲ್ಲೇ ಬರಬೇಕು.

ಎರಚುವ ಮೈನ್‌ಗಳು ನೆಲದ ಮೇಲೇ ಬಿದ್ದಿರುತ್ತವೆ, ಅಷ್ಟರಮಟ್ಟಿಗೆ ತಳ್ಳುವುದು ಸುಲಭ. ಹುಲ್ಲು ಬೆಳೆದಿದ್ದರೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಆರ್‌ಎಎಎಂ ಎಂಬ ಟ್ಯಾಂಕ್ ನಿರೋಧಕ ಮೈನ್ 155 ಮಿ.ಮೀ. ಫಿರಂಗಿ ಗುಂಡಿನಲ್ಲಿ ಬರುತ್ತದೆ, ಒಂದು ಗುಂಡಿಗೆ ಒಂಬತ್ತು. ಜರ್ಮನಿಯ ಎಟಿ-2 ಒಂದು ರಾಕೆಟ್‌ಗೆ 28. ರಷ್ಯಾದ ಪಿಟಿಎಂ-3 ಸುಮಾರು ಐದು ಕಿಲೋ ತೂಗುತ್ತದೆ; ಅದನ್ನು ಲಾರಿಯಿಂದಲೂ ಹೆಲಿಕಾಪ್ಟರ್‌ನಿಂದಲೂ ಎರಚಬಹುದು.

ತೊಂದರೆ ಇರುವುದು ಎರಡು ಹಲಗೆಗಳ ನಡುವಿನ ಜಾಗದಲ್ಲಿ. ಅಲ್ಲಿನ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಚೈನ್ ಹತ್ತಿದರೆ ಮಾತ್ರ ಸಿಡಿಯುವ ಹಳೇ ಮೈನ್ ಅಲ್ಲಿದ್ದರೂ ಟ್ಯಾಂಕ್ ದಾಟಿ ಹೋಗುತ್ತಿತ್ತು. ಆರ್‌ಎಎಎಂ, ಪಿಟಿಎಂ-3 ಹಾಗಲ್ಲ: ಮೇಲೆ ಹಾದುಹೋಗುವ ಉಕ್ಕಿನ ಕಾಂತಕ್ಷೇತ್ರವನ್ನು ಗುರುತಿಸಿ ಹೊಟ್ಟೆಗೇ ಹೊಡೆಯುತ್ತವೆ, ಟ್ಯಾಂಕಿನ ಕವಚ ಅಲ್ಲೇ ತೆಳು. ಆದ್ದರಿಂದ ಟ್ಯಾಂಕಿಗಿಂತ ಮುಂದೆಯೇ ಕಾಂತಕ್ಷೇತ್ರ ಚೆಲ್ಲಿ ಮೈನನ್ನು ಮೊದಲೇ ಸಿಡಿಸುವ ವಿದ್ಯುತ್ಕಾಂತ ಸಾಧನ ಜೊತೆಗಿರಲೇಬೇಕು. ಅದಿಲ್ಲದ ಬರೀ ನೇಗಿಲಿಗೆ, ಎರಚಿದ ಮೈನ್‌ಗಳ ಲೆಕ್ಕದಲ್ಲಿ, ನಾವು ಅರ್ಧ ಅಂಕವೇ ಕೊಡುವುದು.

ಇನ್ನೊಂದು, ತಳ್ಳಿದ ಮೈನ್ ಸತ್ತಿರುವುದಿಲ್ಲ. ಜಾಡಿನ ಅಂಚಿನ ಮಣ್ಣುದಿಬ್ಬದಲ್ಲಿ ಹಾಗೇ ಕಾಯುತ್ತಿರುತ್ತದೆ. ಹಿಂದಿನ ಲಾರಿ ಒಂದಡಿ ಜಾರಿದರೂ ಮುಗಿಯಿತು. ಅಂಚಿಗೆ ಗುರುತು ಹಾಕುವ ವ್ಯವಸ್ಥೆ ಇಲ್ಲದೆ ದಾರಿ ತೆರೆದಿದೆ ಅನ್ನಲಾಗದು.

ದೊಡ್ಡ ಪೆಟ್ಟು ಸಮಯದ್ದು. ಮೊದಲೆಲ್ಲ ತೆರೆದ ದಾರಿ ತೆರೆದೇ ಇರುತ್ತಿತ್ತು. 2023ರ ಜೂನ್‌ನಲ್ಲಿ ಉಕ್ರೇನ್‌ನ ಝಪೊರೀಝಿಯಾ ಕಡೆ ಫಿನ್‌ಲೆಂಡ್ ಕೊಟ್ಟ, ಪೂರ್ತಿ ಅಗಲದ ನೇಗಿಲಿರುವ ಲೆಪರ್ಡ್ 2ಆರ್ ಗಾಡಿಗಳೇ ಮೈನ್ ಬಯಲಿನಲ್ಲಿ ನಿಂತುಹೋದವು. ಉಕ್ರೇನ್ ಪಡೆಯ ಆ ಪ್ರತಿದಾಳಿಯಲ್ಲಿ ತೆರವಾದ ದಾರಿಗಳ ಮೇಲೆ ರಷ್ಯನ್ನರು ದೂರದಿಂದ ಮತ್ತೆ ಮೈನ್ ಎರಚಿದರು. ಅವರ ಝೆಮ್ಲೆಡೇಲಿಯೆ ರಾಕೆಟ್ ಗಾಡಿ 5ರಿಂದ 15 ಕಿ.ಮೀ. ದೂರದಲ್ಲಿ ನಿಂತು ಈ ಕೆಲಸ ಮಾಡಬಲ್ಲದು. ಹೆಸರಿನ ಅರ್ಥ ಬೇಸಾಯವಂತೆ! ಇದಕ್ಕೆ ಯಾವ ನೇಗಿಲಲ್ಲೂ ಉತ್ತರವಿಲ್ಲ. ಉತ್ತರ ಬೇಕಿದ್ದರೆ ಆ ಗಾಡಿಯನ್ನೇ ಹುಡುಕಿ ಹೊಡೆಯಬೇಕು.

ಕಾಯುವ ದಾರಿಯೂ ಇದೆ. ಆರ್‌ಎಎಎಂನಲ್ಲಿ ಒಂದು ಬಗೆ ಸುಮಾರು 4 ಗಂಟೆಗೆ, ಇನ್ನೊಂದು 48 ಗಂಟೆಗೆ ತಾನೇ ನಾಶವಾಗುವಂತಿದೆ. ಆದರೆ ಎಲ್ಲವೂ ಹೇಳಿದ ಹೊತ್ತಿಗೆ ಸಿಡಿಯುವುದಿಲ್ಲ. ಭಾರತವೂ ಸೇರಿರುವ 1996ರ ತಿದ್ದುಪಡಿ ಪ್ರೋಟೊಕಾಲ್ 2 (ಮೈನ್ ಬಳಕೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ದೂರದಿಂದ ಎರಚುವ ವಾಹನ ಮೈನ್‌ಗಳಿಗೆ ಸ್ವಯಂನಾಶ ಕೇಳುವುದೂ ‘ಸಾಧ್ಯವಾದ ಮಟ್ಟಿಗೆ’ ಎಂದೇ. ಆ ಗಡಿಯಾರ ನಂಬಿ ಗಾಡಿ ನುಗ್ಗಿಸಬಾರದು.

ನೆಲದ ಮಾತು. ಪಂಜಾಬಿನ ಹೊಲ, ರಾಜಸ್ಥಾನದ ಮರಳಿನಲ್ಲಿ ಹಲ್ಲು ಸಲೀಸಾಗಿ ಇಳಿಯುತ್ತದೆ. ಕೋಲಾರದಂಥ ಹಾಸುಬಂಡೆಯ ನೆಲದಲ್ಲಿ ರಾಗಿ ಬಿತ್ತುವ ನೇಗಿಲು ಎಗರುವ ಹಾಗೆ ಇದೂ ಎಗರುತ್ತದೆ. ಹಲಗೆ ಎದ್ದ ಕಡೆಯೆಲ್ಲ ಮೈನ್ ಕೆಳಗೇ ಉಳಿಯುತ್ತದೆ, ಹಲ್ಲೂ ಬಾಗುತ್ತದೆ. ಮೈನ್ ಸಿಡಿದರೆ ಹಲ್ಲು ಮುರಿಯುವುದು ಮಾಮೂಲು, ಹೆಚ್ಚುವರಿ ಹಲ್ಲುಗಳು ಟ್ಯಾಂಕಿನ ಜೊತೆಗೇ ಬರಬೇಕು, ಡಿಪೋದಲ್ಲಿದ್ದರೆ ಸಾಲದು. ಮುಂದೆ ಕೂತ ಭಾರಕ್ಕೆ ಮುಂಭಾಗದ ಸಸ್ಪೆನ್ಷನ್ ಬೇಗ ಸವೆಯುತ್ತದೆ; ಕೆಲಸವಿಲ್ಲದಾಗ ಬಿಚ್ಚಿಡುವುದು ಒಳ್ಳೆಯದು.