ಎಂಟು ವರ್ಷ ಬಳಸಿದ ನಾಣ್ಯದ ಆಲ್ಬಮ್: ಹಾಳೆಯ ವಾಸನೆ ನೋಡಿ ಕೊಳ್ಳಿ

2017ರ ದೀಪಾವಳಿಗೆ ಮುಂಚೆ ಆನ್‌ಲೈನಿನಲ್ಲಿ 850 ರೂಪಾಯಿಗೆ ತರಿಸಿದ ಆಲ್ಬಮ್ ಇದು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಂಥ ಪ್ಲಾಸ್ಟಿಕ್ ಹಾಳೆಗಳನ್ನು ಹತ್ತಾರು ಹೆಸರುಗಳಲ್ಲಿ ಮಾರುತ್ತಾರಾದ್ದರಿಂದ ಹೆಸರಿಗಿಂತ ಹಾಳೆಯ ಗುಣ ತಿಳಿದುಕೊಳ್ಳುವುದೇ ಕೊಳ್ಳುವವರಿಗೆ ಉಪಯೋಗ. ಒಟ್ಟು 20 ಹಾಳೆ, ಹಾಳೆಗೆ 12 ಪಾಕೆಟ್. ರಟ್ಟು ಗಟ್ಟಿಯಾಗಿದೆ, ಉಂಗುರಗಳು ಇಂದಿಗೂ ಸಡಿಲವಾಗಿಲ್ಲ. ಹೊಗಳುವುದಕ್ಕೆ ಇರುವುದು ಇಷ್ಟೇ.

ನಾನಿರುವುದು ವಿಜಯಪುರದಲ್ಲಿ. ಆದಿಲ್‌ಶಾಹಿ ಕಾಲದ ತಾಮ್ರದ ಫಲೂಸುಗಳು, ವಿಕ್ಟೋರಿಯಾ ರಾಣಿಯಿಂದ ಆರನೆಯ ಜಾರ್ಜ್‌ವರೆಗಿನ ಬೆಳ್ಳಿ ರೂಪಾಯಿಗಳು, 1943ರಿಂದ ಬಂದ ತೂತಿನ ಪೈಸೆಗಳು, ಇವೆಲ್ಲ ಆ ಆಲ್ಬಮ್ಮಿನಲ್ಲಿದ್ದವು. ಎರಡನೆಯ ಅಲಿ ಆದಿಲ್‌ಶಾಹನ ಕಾಲದ, ಲಾರಿ ಎಂದು ಕರೆಯುವ ಒಂದು ನಾಣ್ಯ ಕೂಡ ನನ್ನಲ್ಲಿದೆ. ಬೆಳ್ಳಿಯ ತಂತಿಯನ್ನು ಮಡಚಿ ಮುದ್ರೆ ಒತ್ತಿದ, ನೋಡಲು ಹೇರ್‌ಪಿನ್ನಿನಂತಿರುವ ಆ ನಾಣ್ಯ ದುಂಡನೆಯ ಕಾಸುಗಳಿಗೆಂದು ಮಾಡಿದ ಪಾಕೆಟ್ಟಿನಲ್ಲಿ ಕೂರಲಿಲ್ಲವೆಂದು ಬೇಸರಪಟ್ಟು ಅದನ್ನು ಪುಟ್ಟ ಗಾಜಿನ ಸೀಸೆಯಲ್ಲಿ ಬೇರೆ ಇಟ್ಟಿದ್ದೆ. ಕೊನೆಗೆ ಕೆಡದೆ ಉಳಿದದ್ದು ಅದೊಂದೇ.

ಮೊದಲ ಎರಡು ವರ್ಷ ಯಾವ ತೊಂದರೆಯೂ ಕಾಣಲಿಲ್ಲ. ನಮ್ಮದು ಮೇಲಿನ ಮಹಡಿಯ ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ಊರಿನ ತಾಪ 40 ಡಿಗ್ರಿ ದಾಟಿದಾಗ ಕಬ್ಬಿಣದ ಕಪಾಟಿನ ಒಳಗೂ ಕೈಯಿಡಲಾಗದಷ್ಟು ಕಾವು. 2021ರ ಮೇ ತಿಂಗಳಲ್ಲಿ ಆಲ್ಬಮ್ ತೆರೆದಾಗ ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು, ಹೊಸ ರೆಕ್ಸಿನ್ ಚೀಲದ ಘಾಟು ಮೂಗಿಗೆ ಬಡಿಯಿತು. ತೂತಿನ ಪೈಸೆಗಳ ಮೇಲೆ ತಿಳಿಹಸಿರು ಜಿಡ್ಡು ಕೂತಿತ್ತು. ಮೊದಲು ಅದನ್ನು ಮಾಮೂಲಿ ಕಿಲುಬೆಂದೇ ಭಾವಿಸಿದೆ. ಆದರೆ ಕಿಲುಬು ಒಣಗಿ ಗಟ್ಟಿಯಾಗಿರುತ್ತದೆ. ಇದು ಬೆರಳಿಗೆ ಅಂಟುತ್ತಿತ್ತು.

ಹಾಳೆ ಪಿವಿಸಿಯದು. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕಾಲಕ್ರಮೇಣ ಹೊರಕ್ಕೆ ಜಿನುಗುತ್ತದೆ, ಪ್ಲಾಸ್ಟಿಕ್ಕಿನಲ್ಲಿರುವ ಕ್ಲೋರಿನ್ ಬಿಡುಗಡೆಯಾಗಿ ಆಮ್ಲವಾಗುತ್ತದೆ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕಾವು ಹೆಚ್ಚಿದಷ್ಟೂ ಈ ಕೆಲಸ ಬೇಗ ಸಾಗುತ್ತದೆ. ಖಾತ್ರಿ ಮಾಡಿಕೊಳ್ಳಲು ತಾಮ್ರದ ತಂತಿಯ ತುದಿಯನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ಹಾಳೆಯ ಅಂಚಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿದೆ. ಉರಿ ಹಸಿರಾಯಿತು, ಎಂದರೆ ಕ್ಲೋರಿನ್ ಇದೆ. ಕಿಟಕಿ ತೆರೆದಿಟ್ಟು ಚೂರೇ ಚೂರು ಹಾಳೆಯಲ್ಲಿ ಮಾತ್ರ ಇದನ್ನು ಮಾಡಬೇಕು. ಆ ಹೊಗೆ ಒಳ್ಳೆಯದಲ್ಲ.

ನನಗೆ ಹೆಚ್ಚು ಸಂಕಟವಾದದ್ದು 1911ರ ರೂಪಾಯಿಯ ವಿಷಯದಲ್ಲಿ. ಐದನೆಯ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ ಕಾರಣ ಮರುವರ್ಷವೇ ಅಚ್ಚನ್ನು ತಿದ್ದಿದರು. ಹಾಗಾಗಿ ಆ ಒಂದು ವರ್ಷದ ರೂಪಾಯಿಗೆ ಬೇಡಿಕೆ ಹೆಚ್ಚು. ರೂಪಾಯಿಯಲ್ಲಿ ಬೆಳ್ಳಿ ಶೇ. 91.7 ಇರುವುದರಿಂದ ತಾಮ್ರದ ಪೈಸೆಗಳಷ್ಟು ಅದು ಕೆಟ್ಟಿರಲಿಲ್ಲ. ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ (ಬಣ್ಣ, ಸುವಾಸನೆ ಬೆರೆಸಿದ ನೇಲ್ ಪಾಲಿಶ್ ರಿಮೂವರ್ ನಡೆಯದು) ನಾಣ್ಯವನ್ನು ಮುಳುಗಿಸಿಟ್ಟು, ಉಜ್ಜದೆ, ಬೇರೆ ಬಟ್ಟಲಿನ ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ ತೆಗೆದೆ. ಜಿಡ್ಡು ಹೋಯಿತು. ಆದರೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ರಾಜನ ಕೆನ್ನೆಯ ಮೇಲೆ ಮಂಕಾದ ಕಲೆ ಉಳಿದಿದೆ. ನಾಣ್ಯವನ್ನು ಓರೆ ಮಾಡಿದಾಗ ಚಕ್ರದಂತೆ ಸುತ್ತುವ ಟಂಕಸಾಲೆಯ ಮೂಲ ಹೊಳಪು ಆ ಜಾಗಕ್ಕೆ ಬಂದು ಕಡಿದು ಹೋಗುತ್ತದೆ.

ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳುಹಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುವುದರಿಂದ ನಾಣ್ಯದ ಸ್ಥಿತಿ ನೋಡಿ ಅಂಕ ಕೊಟ್ಟು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ದೇಶದೊಳಗಿನ ಗ್ರೇಡಿಂಗ್ ಸೇವೆಗೇ ಇದನ್ನು ಕಳುಹಿಸಿದೆ. ಆಲ್ಬಮ್ಮಿಗೆ ಸೇರುವ ಮೊದಲು ಇದೇ ರೂಪಾಯಿಯನ್ನು ನೋಡಿದ್ದ ಬೆಳಗಾವಿಯ ಹಿರಿಯ ಸಂಗ್ರಾಹಕರೊಬ್ಬರು, ನಾಣ್ಯದ ಸ್ಥಿತಿ ಅಳೆಯುವ 70 ಅಂಕದ ಶೆಲ್ಡನ್ ಮಾಪಕದಲ್ಲಿ 62ಕ್ಕೆ ಕಡಿಮೆ ಬರುವುದಿಲ್ಲವೆಂದಿದ್ದರು. ಬಂದ ಪೆಟ್ಟಿಗೆಯ ಚೀಟಿಯಲ್ಲಿ ಅಂಕವೇ ಇರಲಿಲ್ಲ, ‘ಎಯು ಡಿಟೇಲ್ಸ್’ ಎಂದಿತ್ತು. ನಾಣ್ಯ ಸವೆದಿರುವುದು ತೀರಾ ಅಲ್ಪ, ಆದರೆ ಮೈ ಕೆಟ್ಟಿದೆ ಎಂದು ಅರ್ಥ. ಗ್ರೇಡಿಂಗ್‌ನವರ ತೀರ್ಪಿನಲ್ಲಿ ತಪ್ಪಿಲ್ಲ. ಲಕ್ಷ್ಮೀ ಪೂಜೆಗೆಂದು ನಮ್ಮ ವೈನಿ ವಿಭೂತಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿಟ್ಟ ಇನ್ನೊಂದು ರೂಪಾಯಿಗೂ ಇದೇ ಗತಿಯಾಯಿತು. ಆ ಮಾತನ್ನು ಅವರಿಗೆ ನಾನು ಇನ್ನೂ ಹೇಳಿಲ್ಲ.

ಮಾರಿದವರಿಗೆ ಫೋಟೋ ಸಮೇತ ಬರೆದಾಗ, ವಾಪಸಾತಿಯ ಅವಧಿ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಹಾಳೆ ಯಾವ ಪ್ಲಾಸ್ಟಿಕ್ಕಿನದೆಂದು ಮಾರಾಟದ ವಿವರಣೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ಹಳೆಯ ಹಾಳೆಗಳನ್ನೆಲ್ಲ ಕಿತ್ತು, ಅದೇ ಉಂಗುರಗಳಿಗೆ ಕ್ಲೋರಿನ್ ಇಲ್ಲದ ಪಾಲಿಪ್ರೊಪಿಲೀನ್ ಹಾಳೆ ಹಾಕಿದ್ದೇನೆ. ಒಳ್ಳೆಯ ರೂಪಾಯಿಗಳು ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿವೆ, ಕಪಾಟು ಕೆಳಮನೆಗೆ ಇಳಿದಿದೆ. ನಾಲ್ಕು ಬೇಸಿಗೆ ಕಳೆದರೂ ಹೊಸ ಜಿಡ್ಡು ಕಂಡಿಲ್ಲ. ಮೂಲ ಹಾಳೆಗಳ ಸಮೇತ ಈ ಆಲ್ಬಮ್ಮಿಗೆ ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದೂ ಉಂಗುರಗಳಿಗಾಗಿ.