ಗಡಿ ಕಾಯುವುದರಲ್ಲೇ ಕಳೆದ 14 ತಿಂಗಳು

ಕಂಪ್ಯೂಟರಿನಲ್ಲಿ ನಾವೇ ತೋಳವಾಗಿ ಬದುಕುವ ಈ ಆಟವನ್ನು ನಾನು 14 ತಿಂಗಳಿನಿಂದ ಆಡುತ್ತಿದ್ದೇನೆ. ಮೂರು ಸೂಲಿನ ಮರಿಗಳನ್ನು ಸಾಕಿ ದೊಡ್ಡವು ಮಾಡಿದ್ದೇನೆ, ಕಾದಾಟದಲ್ಲಿ ಒಂದು ಸಂಗಾತಿಯನ್ನು ಕಳೆದುಕೊಂಡಿದ್ದೇನೆ, ಆ ಕಣಿವೆಯ ಹೊಳೆಯ ಯಾವ ಜಾಗದಲ್ಲಿ ನೀರು ಆಳವಿಲ್ಲದೆ ದಾಟಲು ಬರುತ್ತದೆ ಎಂಬುದು ನನಗೆ ನಮ್ಮೂರಿನ ಓಣಿಗಳಷ್ಟೇ ಚೆನ್ನಾಗಿ ಗೊತ್ತಿದೆ. ಇಷ್ಟು ದಿನ ಸುಮ್ಮನಿದ್ದು ಈಗ ಬರೆಯಲು ಕೂತದ್ದಕ್ಕೆ ಕಾರಣ ಒಂದೇ. ಈ ಆಟದಲ್ಲಿ ಗಡಿಯನ್ನು ಉಳಿಸಿಕೊಳ್ಳುವ ಕೆಲಸವು ಬೇಟೆಯನ್ನೂ ಮರಿಗಳ ಪಾಲನೆಯನ್ನೂ ತೋಳವಾಗಿ ಅಡ್ಡಾಡುವ ಸುಖವನ್ನೂ ನುಂಗಿಹಾಕುತ್ತಿದೆ.

ಗ್ರಾಫಿಕ್ಸ್ ಹೇಗಿದೆ, ಎಷ್ಟು ಜಿಬಿ ಜಾಗ ಬೇಕು ಎಂಬುದೆಲ್ಲ ಖರೀದಿಸುವ ಪುಟದಲ್ಲೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಆದರೆ ನಾನು ಆಡುವ ರೀತಿಯನ್ನು ಮಾತ್ರ ಮೊದಲೇ ಹೇಳಬೇಕು, ಏಕೆಂದರೆ ನನ್ನ ಅಭಿಪ್ರಾಯಕ್ಕೂ ಅದಕ್ಕೂ ನೇರ ಸಂಬಂಧವಿದೆ. ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುವವನು. ಊಟವಾಗಿ, ಉತ್ತರ ಪತ್ರಿಕೆಗಳ ಕಟ್ಟನ್ನು ಬದಿಗಿಟ್ಟ ಮೇಲೆ, ರಾತ್ರಿ ಒಂಬತ್ತೂವರೆಯಿಂದ ಹತ್ತೂ ಮುಕ್ಕಾಲಿನವರೆಗೆ ನನಗೆ ಬಿಡುವು. ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡ್, ಅದರ ಬ್ಯಾಟರಿ ಎಂದೋ ಹೋಗಿದೆ, ಹೀಗಾಗಿ ಕರೆಂಟು ಹೋದ ಕ್ಷಣವೇ ಪರದೆ ಕಪ್ಪಾಗುತ್ತದೆ. ಸೇವ್ ಮಾಡದೆ ಉಳಿದದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಆಟವನ್ನು ರಿಯಾಯಿತಿಯ ದಿನಗಳಲ್ಲಿ, ಸಾವಿರ ರೂಪಾಯಿಯ ಒಳಗೆ ಕೊಂಡೆ. ಹಣದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಇರುವುದು ಸಮಯದ ಬಗ್ಗೆ.

ಆಟ ನಡೆಯುವುದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ಭಾಗದಲ್ಲಿ. ನಕಾಶೆಯನ್ನು ತೆರೆದರೆ ಇಡೀ ಕಣಿವೆ ಜೇನುಹಲ್ಲೆಯಂತೆ ಆರು ಮೂಲೆಯ ಮನೆಗಳಾಗಿ ಕಾಣುತ್ತದೆ. ಒಂದು ಮನೆಯೊಳಗೆ ಹೋಗಿ ಮರದ ಬುಡಕ್ಕೋ ಬಂಡೆಗೋ ಮೂತ್ರದ ಗುರುತು ಹಾಕಿದರೆ, ನೆಲ ಕೆದರಿದರೆ, ಊಳಿಟ್ಟರೆ, ಆ ಮನೆಗೆ ನಮ್ಮ ಹಿಂಡಿನ ಬಣ್ಣ ಏರುತ್ತದೆ. ಗುರುತು ಎಷ್ಟು ಗಟ್ಟಿಯೋ ಬಣ್ಣವೂ ಅಷ್ಟು ಗಾಢ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ. ತೊಂದರೆ ಇರುವುದು ಆ ಬಣ್ಣ ಮಾಸುವ ವೇಗದಲ್ಲಿ. ಸೋಮವಾರ ರಾತ್ರಿ ಕೂತು ಪೂರ್ವದ ಏಣಿನ ಎಂಟು ಮನೆಗಳನ್ನು ಗಟ್ಟಿ ಮಾಡಿದರೆ, ಮಂಗಳವಾರ ಪಶ್ಚಿಮದ ಹೊಳೆಸಾಲನ್ನು ಮುಗಿಸುವಷ್ಟರಲ್ಲಿ ಪೂರ್ವದ ಎಂಟೂ ತೆಳುವಾಗಿ ನಿಂತಿರುತ್ತವೆ. ತೆಳುವಾದ ಕಡೆಯಿಂದ ನೆರೆಯ ಹಿಂಡು ನುಗ್ಗುತ್ತದೆ. ನುಗ್ಗಿದ ಹಿಂಡು ಗುಹೆಯ ತನಕ ಬಂದರೆ ಮರಿಗಳು ಉಳಿಯುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಾನು ಎರಡು ವಾರ ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟೆ. ನನಗೆ ಸಿಗುವ ಸುಮಾರು ಎಪ್ಪತ್ತೈದು ನಿಮಿಷಗಳಲ್ಲಿ ದಿನಕ್ಕೆ ನಲವತ್ತೈದು ನಿಮಿಷದಷ್ಟು ಗಡಿಗೆ ಹೋಗಿತ್ತು. ಬೇಟೆಗೆ ಇಪ್ಪತ್ತು, ಮರಿಗಳಿಗೆ ಉಳಿದದ್ದು ಹತ್ತೇ ನಿಮಿಷ. ಏಳನೆಯ ತರಗತಿಯಲ್ಲಿರುವ ಮಗಳು ಹಾಸಿಗೆಗೆ ಹೋಗುವ ಮೊದಲು ನನ್ನ ಹಿಂದೆ ನಿಂತು ಮರಿಗಳನ್ನು ನೋಡಿಯೇ ಹೋಗುವುದು ರೂಢಿ. ಒಂದು ರಾತ್ರಿ ಆಕೆ ಬಹಳ ಹೊತ್ತು ಕಾದು, "ಅಪ್ಪಾ, ಮರಿಗೋಳು ಹಸದಾವು, ನೀವಿನ್ನೂ ಗಡಿ ಕಾಯಾಕತ್ತೀರಿ" ಎಂದು ಹೇಳಿ ಒಳಗೆ ಹೋದಳು. ಮರುದಿನ ನೋಡಿದರೆ ಆರು ಮರಿಗಳ ಪೈಕಿ ಎಲ್ಲಕ್ಕಿಂತ ಚಿಕ್ಕದಾಗಿದ್ದ ಬೂದು ಮರಿ ಇರಲಿಲ್ಲ. ಅದು ಹಸಿವಿನಿಂದ ಸತ್ತಿತ್ತು. ಎಲ್ಕ್ ಜಿಂಕೆಯ ಮಾಂಸ ಗುಹೆಯಿಂದ ಸ್ವಲ್ಪವೇ ದೂರದಲ್ಲಿ ಬಿದ್ದಿತ್ತು. ಅದನ್ನು ತಿಂದು ಬಂದು ಮರಿಗಳ ಮುಂದೆ ಕಕ್ಕಲು ನನಗೆ ಹೊತ್ತು ಸಿಕ್ಕಿರಲಿಲ್ಲ, ಅಷ್ಟೆ.

ಇದನ್ನು ಹೀಗೆ ಬರೆದರೆ, ಕಾಡಿನ ಬದುಕು ಕಠಿಣವೇ, ಆಟವೂ ಹಾಗೆಯೇ ಇರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುತ್ತೇನೆ. ಯೆಲ್ಲೋಸ್ಟೋನ್‌ನಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಲಾಗಿತ್ತು. 1995ರಲ್ಲಿ ಕೆನಡಾದಿಂದ 14 ತೋಳಗಳನ್ನೂ, 1996ರಲ್ಲಿ ಮತ್ತೆ 17 ತೋಳಗಳನ್ನೂ ತಂದು ಅಲ್ಲಿ ಬಿಟ್ಟರು. ಅಂದಿನಿಂದ ಅಲ್ಲಿ ನಡೆದಿರುವ ಅಧ್ಯಯನಗಳು ತೋರಿಸಿರುವಂತೆ, ಉದ್ಯಾನದೊಳಗಿನ ತೋಳಗಳ ಸಹಜ ಸಾವುಗಳಿಗೆ ದೊಡ್ಡ ಕಾರಣ ಬೇರೆ ಹಿಂಡಿನ ತೋಳಗಳೇ. ಆದ್ದರಿಂದ ನೆರೆಯ ಹಿಂಡನ್ನು ಆಟದವರು ಅಷ್ಟು ಭಯಂಕರವಾಗಿ ಚಿತ್ರಿಸಿರುವುದರಲ್ಲಿ ತಪ್ಪಿಲ್ಲ. ಗಡಿ ಎಂಬುದು ತೋಳಕ್ಕೆ ಜೀವದ ಪ್ರಶ್ನೆ ಎಂಬುದೂ ನಿಜ. ತಪ್ಪಿರುವುದು ಗುರುತು ಬಾಳುವ ಅವಧಿಯಲ್ಲಿ.

1970ರ ದಶಕದಲ್ಲಿ ರೋಜರ್ ಪೀಟರ್ಸ್ ಮತ್ತು ಡೇವಿಡ್ ಮೆಕ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಮಿನೆಸೋಟ ರಾಜ್ಯದ ಹಿಮದಲ್ಲಿ ತೋಳಗಳ ಹೆಜ್ಜೆಯ ಜಾಡು ಹಿಡಿದು ನಡೆದು, ಅವು ದಾರಿಯಲ್ಲಿ ಸರಾಸರಿ 240 ಮೀಟರಿಗೊಂದು ವಾಸನೆಯ ಗುರುತು ಬಿಡುತ್ತವೆ ಎಂಬುದನ್ನು ಕಂಡುಕೊಂಡರು. ನೆಲೆಯ ನಡುವಿಗಿಂತ ಅಂಚಿನಲ್ಲಿ ಗುರುತುಗಳು ಸುಮಾರು ಎರಡು ಪಟ್ಟು ಹೆಚ್ಚು. ನನಗೆ ಇಲ್ಲಿ ಬೇಕಾದ ಮಾತು ಇನ್ನೊಂದಿದೆ: ಹಿಂಡು ತನ್ನ ನೆಲೆಯ ಒಂದೊಂದು ಭಾಗಕ್ಕೂ ಮರಳಿ ಬರುವುದು ಸುಮಾರು ಮೂರು ವಾರಗಳಿಗೊಮ್ಮೆ, ಮತ್ತು ವಾಸನೆಯೂ ಹೆಚ್ಚುಕಡಿಮೆ ಅಷ್ಟು ಕಾಲ ನಿಲ್ಲುತ್ತದೆ. ಅಂದರೆ ನಿಜವಾದ ತೋಳ ಒಂದು ಸಲ ಗುರುತು ಹಾಕಿ ಬಂದರೆ, ಮತ್ತೆ ಆ ಕಡೆಗೆ ಕಾಲು ಬೆಳೆಸುವ ಮೊದಲು ಬೇಟೆಯಾಡಿ, ತಿಂದು, ಮಲಗಿ, ಮರಿಗಳೊಂದಿಗೆ ಇರಲು ಅದಕ್ಕೆ ದಿನಗಳಿರುತ್ತವೆ. ನಮ್ಮ ಆಟದ ತೋಳಕ್ಕೆ ಅಷ್ಟು ಬಿಡುವಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡಿದೆ. ಹೊಸದಾಗಿ ಜೋಡಿಯಾದ ತೋಳಗಳು ಎಲ್ಲರಿಗಿಂತ ಹೆಚ್ಚು ಗುರುತು ಹಾಕುತ್ತವೆ ಎಂಬುದನ್ನು ಅದೇ ಮೆಕ್ ಅವರು ಇನ್ನೊಬ್ಬ ಸಂಶೋಧಕರ ಜೊತೆ ಸೇರಿ 1979ರಲ್ಲಿ ಪ್ರಕಟಿಸಿದ್ದಾರೆ. ಹೊಸ ಸಂಸಾರ ನೆಲೆಯೂರುವಾಗ ದುಡಿತ ಹೆಚ್ಚು, ನೆಲೆಯೂರಿದ ಮೇಲೆ ಅಷ್ಟು ಬೇಕಿಲ್ಲ. ಇದು ನಮ್ಮ ರೈತರಿಗೂ ಗೊತ್ತಿರುವ ವಿಷಯ. ಹೊಸದಾಗಿ ಕೊಂಡ ಹೊಲಕ್ಕೆ ಮೊದಲ ವರ್ಷ ಒಡ್ಡು ಹಾಕುವುದಕ್ಕೆ ಬೆನ್ನು ಮುರಿಯುವಷ್ಟು ಕೆಲಸವಿರುತ್ತದೆ. ಆಮೇಲೆ ಮುಂಗಾರಿಗೆ ಮೊದಲು ಒಮ್ಮೆ ಹೋಗಿ ಒಡೆದ ಕಡೆ ಮಣ್ಣು ಕೊಟ್ಟು ಬಂದರೆ ಸಾಕು, ಬೆಳಗಾದರೆ ಯಾರೂ ಗುದ್ದಲಿ ಹಿಡಿದು ಒಡ್ಡಿನ ಮೇಲೆ ನಿಂತಿರುವುದಿಲ್ಲ. ಆಟದಲ್ಲಿ ನನ್ನ ಜೋಡಿ ಅದೇ ಕಣಿವೆಯಲ್ಲಿ ಮೂರನೆಯ ವರ್ಷ ಬಾಳುತ್ತಿದೆ. ಆದರೂ ಮೊದಲ ವಾರದಲ್ಲಿ ಬಣ್ಣ ಎಷ್ಟು ಬೇಗ ಮಾಸುತ್ತಿತ್ತೋ ಈಗಲೂ ಅಷ್ಟೇ ಬೇಗ ಮಾಸುತ್ತದೆ. ಜೊತೆಗಿರುವ ಹೆಣ್ಣು ತೋಳ ಬೇಟೆಯಲ್ಲಿ ಹೆಗಲು ಕೊಡುತ್ತಾಳೆ, ಗುಹೆ ಕಾಯುತ್ತಾಳೆ, ಗಡಿಯ ವಿಷಯದಲ್ಲಿ ಮಾತ್ರ ನನ್ನ ಹಿಂದೆ ಸುಮ್ಮನೆ ನಡೆದು ಬರುತ್ತಾಳೆ. ನಿಜದಲ್ಲಿ ಗಂಡು ಹೆಣ್ಣು ಎರಡೂ ಕೂಡಿಯೇ ಗುರುತು ಹಾಕುತ್ತವೆ, ಒಂದು ಹಾಕಿದ ಜಾಗದ ಮೇಲೆ ಇನ್ನೊಂದು ಹಾಕುತ್ತದೆ. ಈ ಕೆಲಸದಲ್ಲಿ ಅವಳಿಗೂ ಪಾಲು ಕೊಟ್ಟಿದ್ದರೆ ಆ ಬೂದು ಮರಿ ಉಳಿಯುತ್ತಿತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಬೂದು ಮರಿ ಸತ್ತ ಮೇಲೆ ನಾನು ಆಟವನ್ನು ಇಪ್ಪತ್ತು ದಿನ ಮುಟ್ಟಲಿಲ್ಲ. ಮತ್ತೆ ಕೂರುವಂತೆ ಮಾಡಿದ್ದೂ ಮಗಳೇ. ಈ ಸಲ ನಾನು ದೊಡ್ಡ ನೆಲೆಯ ಆಸೆ ಬಿಟ್ಟೆ. ಗುಹೆಯನ್ನು ನಡುವಿಗಿಟ್ಟುಕೊಂಡು, ಹೊಳೆ ಒಂದು ಬದಿ, ಕಡಿದಾದ ಬಂಡೆಸಾಲು ಇನ್ನೊಂದು ಬದಿ ಬರುವಂತೆ ಹದಿನಾರು ಮನೆಗಳನ್ನಷ್ಟೇ ಇಟ್ಟುಕೊಂಡೆ. ನಡುವಿನ ಮನೆಗಳಿಗೆ ಗುರುತು ಹಾಕುವುದನ್ನು ಪೂರಾ ನಿಲ್ಲಿಸಿ, ನೆರೆಯ ಹಿಂಡಿಗೆ ತಾಗಿಕೊಂಡ ಐದು ಮನೆಗಳಿಗಷ್ಟೇ ಹೊತ್ತು ಕೊಟ್ಟೆ. ಅಂಚಿನಲ್ಲಿ ಎರಡು ಪಟ್ಟು ಎಂಬ ಆ ಲೆಕ್ಕವೇ ನನಗೆ ಈ ದಾರಿ ತೋರಿಸಿದ್ದು. ಗಡಿಯ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಎಲ್ಕ್ ಹಿಂಡು ಮೇಯಲು ಆಚೆಗೆ ಹೋದರೆ ಬೇಟೆಗೆ ಪರರ ನೆಲಕ್ಕೆ ಕಾಲಿಡಬೇಕಾಗುತ್ತದೆ, ಅದೊಂದು ಅಪಾಯ ಇದ್ದೇ ಇದೆ.

ಹೀಗೆ ಆಡಲು ತೊಡಗಿದ ಮೇಲೆ ನನಗೆ ನಿರೀಕ್ಷೆಯೇ ಇಲ್ಲದಿದ್ದ ಒಂದು ಸಂತೋಷ ಸಿಕ್ಕಿತು. ಪೂರ್ವದ ಅಂಚಿನಲ್ಲಿ ಸಿಡಿಲು ಬಡಿದು ಅರ್ಧಕ್ಕೆ ಸೀಳಿದ ಒಂದು ಮರವಿದೆ, ಮಗಳು ಅದಕ್ಕೆ ನಮ್ಮ ಗಿಡ ಎಂದೇ ಹೆಸರಿಟ್ಟಿದ್ದಾಳೆ. ಆಟದೊಳಗೆ ಬೆಳಗು ಹರಿಯುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟುವಂತೆ ನಾನು ಗುಹೆಯಿಂದ ಹೊರಡುತ್ತೇನೆ. ವಾಸನೆ ನೋಡುವ ಕೀಲಿ ಒತ್ತಿದರೆ ಲೋಕವೆಲ್ಲ ಬೂದಿಯ ಬಣ್ಣಕ್ಕೆ ತಿರುಗಿ, ಮೊಲ ಹೋದ ದಾರಿ, ಕಯೋಟಿ ಎಂಬ ಸಣ್ಣ ಕಾಡುನಾಯಿ ಹಾದ ದಾರಿ, ನೆರೆಯ ಹಿಂಡಿನ ಗಂಡು ಬಂದು ಮೂಸಿ ಹಿಂತಿರುಗಿದ ದಾರಿ, ಎಲ್ಲವೂ ಒಂದೊಂದು ಬಣ್ಣದ ಎಳೆಯಾಗಿ ಗಾಳಿಯಲ್ಲಿ ತೇಲುತ್ತವೆ. ಆ ಗಿಡದ ಬುಡದಲ್ಲಿ ನಮ್ಮ ಹಿಂಡಿನ ಹಳೆಯ ಎಳೆ ಇನ್ನೂ ಸಣ್ಣಗೆ ಉಳಿದಿರುತ್ತದೆ. ಅದರ ಮೇಲೆ ಹೊಸ ಗುರುತು ಹಾಕಿ, ಹಿಂಗಾಲಿನಿಂದ ನೆಲ ಕೆದರಿ, ಮುಖ ಮೇಲೆತ್ತಿ ಊಳಿಟ್ಟರೆ, ಮೊದಲು ಗುಹೆಯ ಕಡೆಯಿಂದ ಹೆಣ್ಣಿನ ದನಿ, ಆಮೇಲೆ ಇನ್ನೂ ಪಳಗದ ಗಂಟಲಿನಲ್ಲಿ ಮರಿಗಳ ದನಿ ಮರುತ್ತರವಾಗಿ ಬರುತ್ತದೆ. ಹೆಡ್‌ಫೋನು ಹಾಕಿಕೊಂಡು ಅದನ್ನು ಕೇಳಿದಾಗ ನನ್ನ ಮೈಮೇಲೆ ಈಗಲೂ ಮುಳ್ಳೇಳುತ್ತದೆ.

ಹಾಗಾಗುವುದಕ್ಕೆ ನನ್ನ ಮನೆತನದ ಕಥೆಯೂ ಕಾರಣವಿರಬಹುದು. ನಮ್ಮ ಅಜ್ಜ ಕುರಿ ಕಾಯುತ್ತಿದ್ದವರು. ಗೊಬ್ಬರಕ್ಕಾಗಿ ಯಾರದಾದರೂ ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿ, ಕಂಬಳಿ ಹೊದ್ದು ದಡ್ಡಿಯ ಬಾಯಲ್ಲೇ ಮಲಗಿ, ದೂರದಲ್ಲಿ ತೋಳ ಕೂಗಿದರೆ ನಾಯಿಗಳಿಗಿಂತ ಮೊದಲು ತಾವು ಏಳುತ್ತಿದ್ದರಂತೆ. ಊರ ಪಕ್ಕದ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರಿನ ಕುರುಚಲು ಮತ್ತು ನೀಲಗಿರಿ ನೆಡುತೋಪು, ಅಲ್ಲಿ ತೋಳಗಳಿವೆ. ನಾನು ಒಮ್ಮೆಯೇ, ಸಂಜೆಯ ಹೊತ್ತು, ಬೈಕ್ ನಿಲ್ಲಿಸಿದಾಗ ಒಂದನ್ನು ಕಂಡಿದ್ದೇನೆ. ಯೆಲ್ಲೋಸ್ಟೋನಿನ ತೋಳಗಳಿಗಿಂತ ಬಹಳ ಬಡಕಲು ದೇಹ, ಕಂದು ಮಣ್ಣಿನದೇ ಬಣ್ಣ. ಅದು ನನ್ನನ್ನು ನೋಡಿತು, ದಾರಿ ಬದಿಯ ಒಂದು ಪೊದೆಯನ್ನು ಮೂಸಿತು, ಕಾಲೆತ್ತಿತು, ಅವಸರವಿಲ್ಲದೆ ನಡೆದು ಹೋಯಿತು. ಆ ಅವಸರವಿಲ್ಲದ ನಡಿಗೆಯನ್ನೇ ನಾನು ಈ ಆಟದಲ್ಲಿ ಹುಡುಕುತ್ತಿರುವುದು.

ಆಟ ಮಾಡಿದವರಲ್ಲಿ ನನ್ನ ವಿನಂತಿ ಎರಡು. ಹಿಂಡು ಒಂದು ನೆಲೆಯಲ್ಲಿ ಹಳೆಯದಾದಂತೆ ಗುರುತು ಮಾಸುವ ವೇಗ ಕಡಿಮೆಯಾಗಲಿ. ಸಂಗಾತಿಯೂ, ಒಂದು ವರ್ಷ ದಾಟಿ ಹಿಂಡಿನಲ್ಲೇ ಉಳಿದ ಮಕ್ಕಳೂ ಗಡಿಯ ಕೆಲಸದಲ್ಲಿ ಸ್ವಲ್ಪವಾದರೂ ಕೈಜೋಡಿಸಲಿ. ನೆರೆಯ ಹಿಂಡಿನ ಬಲವನ್ನು ಇಳಿಸಿ ಆಟವನ್ನು ಸುಲಭ ಮಾಡಿಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಭಯ ಇರಲೇಬೇಕು.

ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ: ಭಾನುವಾರ ಇಡೀ ದಿನ ಆಡಲು ಬಿಡುವಿರುವವರಿಗೆ ನನ್ನ ದೂರು ಅಷ್ಟಾಗಿ ತಟ್ಟಲಿಕ್ಕಿಲ್ಲ, ಅವರು ಧಾರಾಳವಾಗಿ ಕೊಳ್ಳಲಿ. ನನ್ನ ಹಾಗೆ ದಿನಕ್ಕೊಂದು ಗಂಟೆ ಇರುವವರು ರಿಯಾಯಿತಿ ಬಂದಾಗ ಕೊಂಡು, ಮೊದಲ ದಿನದಿಂದಲೇ ಚಿಕ್ಕ ನೆಲೆ ಕಟ್ಟಿಕೊಳ್ಳಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ತಪ್ಪದೆ ಸೇವ್ ಮಾಡಲಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಚಳಿಗಾಲದಲ್ಲಿ ಬರೆದಿದ್ದರೆ ಎರಡನ್ನೇ ಕೊಡುತ್ತಿದ್ದೆ.

ಈ ಸಲದ ಸೂಲಿನಲ್ಲಿ ಐದು ಮರಿಗಳಿವೆ, ಐದೂ ಗುಹೆಯಿಂದ ಹೊರಬಂದಿವೆ. ನಿನ್ನೆ ಆಟ ಮುಗಿಸಿ ಎದ್ದಾಗ ಹೊಳೆಯ ಪಕ್ಕದ ಎರಡು ಮನೆಗಳು ತೆಳುವಾಗಿದ್ದವು. ಇವತ್ತು ಉತ್ತರ ಪತ್ರಿಕೆಗಳ ಕಟ್ಟು ಸಣ್ಣದಿದೆ. ಮೊದಲು ಮರಿಗಳಿಗೆ ಉಣಿಸಿ, ಮಗಳಿಗೆ ತೋರಿಸಿ, ಆಮೇಲೆ ಆ ಕಡೆ ಹೋಗುತ್ತೇನೆ.