ಸೇತುವೆಗೆ ಯಾವ ಸೆನ್ಸರ್: ಫಾಯಿಲ್ ಗೇಜೋ, ಫೈಬರೋ?

2007ರ ಆಗಸ್ಟ್ 1ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಐ-35ಡಬ್ಲ್ಯೂ ಸೇತುವೆ ಕುಸಿದು 13 ಜನ ಸತ್ತರು. ಮರುವರ್ಷ ಅಲ್ಲೇ ತೆರೆದ ಹೊಸ ಸೇತುವೆಯಲ್ಲಿ 300ಕ್ಕೂ ಹೆಚ್ಚು ಸೆನ್ಸರ್ ಇಟ್ಟರು. ನೀವೂ ಸೆನ್ಸರ್ ಆರಿಸಬೇಕಿದ್ದರೆ ಮೊದಲ ಪ್ರಶ್ನೆ: ಸೇತುವೆಯ ಎಳೆತವನ್ನು ಎಷ್ಟು ಕಾಲ ಅಳೆಯಬೇಕು?

ಒಂದು ವಾರದ ಲೋಡ್ ಟೆಸ್ಟ್‌ಗೆ (ಭಾರ ಹೇರಿ ನೋಡುವ ಪರೀಕ್ಷೆ) ಫಾಯಿಲ್ ಸ್ಟ್ರೇನ್ ಗೇಜ್, ಅಂದರೆ ಉಕ್ಕಿಗೆ ಅಂಟಿಸುವ ತೆಳು ಲೋಹದ ಪಟ್ಟಿ, ಸಾಕು. ಅಗ್ಗ, ಸುಲಭವಾಗಿ ಸಿಗುತ್ತದೆ. ಉಕ್ಕು ಹಿಗ್ಗಿದರೆ ಗೇಜಿನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅಷ್ಟೇ. ಆದರೆ ಪ್ರತಿ ಗೇಜಿಗೂ ಬೇರೆ ತಂತಿ ಬೇಕು. ತೇವ ಒಳಹೊಕ್ಕರೆ ಅಳತೆ ಮೆಲ್ಲಗೆ ಜಾರುತ್ತದೆ. ಹತ್ತಿರ ರೈಲಿನ ವಿದ್ಯುತ್ ತಂತಿಯಿದ್ದರೆ ಸಿಗ್ನಲ್‌ನಲ್ಲಿ ಗದ್ದಲವೂ ಜಾಸ್ತಿ.

ವರ್ಷಗಟ್ಟಲೆ ಅಳೆಯಲು ನಾನು ಫೈಬರ್ ಬ್ರ್ಯಾಗ್ ಗ್ರೇಟಿಂಗನ್ನೇ (ಗಾಜಿನ ಎಳೆಯೊಳಗೇ ಮೂಡಿಸಿದ ಬೆಳಕಿನ ಸೆನ್ಸರ್) ಆರಿಸುತ್ತೇನೆ. ಕೂದಲಿನಂಥ ಒಂದೇ ಎಳೆಯಲ್ಲಿ ಹತ್ತಾರು ಸೆನ್ಸರ್ ಕೂರುತ್ತವೆ. ಪ್ರತಿಯೊಂದೂ ತನ್ನದೇ ತರಂಗಾಂತರದ ಬೆಳಕನ್ನು ವಾಪಸ್ ಕಳಿಸುತ್ತದೆ; ಎಳೆದರೆ ಆ ತರಂಗಾಂತರ ಸರಿಯುತ್ತದೆ. ವಿದ್ಯುತ್ ಗದ್ದಲ ತಟ್ಟುವುದಿಲ್ಲ. ದೊಡ್ಡ ಖರ್ಚು ಆ ಬೆಳಕನ್ನು ಓದುವ ಯಂತ್ರದ್ದು. ತಾಪಮಾನದ ತಲೆನೋವೂ ಇದೆ: 1550 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 8 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ 8 ಭಾಗ) ಎಳೆತದಂತೆ ಕಾಣುತ್ತದೆ. ಈ ತಾಪದ ಪಾಲನ್ನು ಕಳೆಯಲು ಪಕ್ಕದಲ್ಲೇ ಎಳೆತ ತಟ್ಟದ ಇನ್ನೊಂದು ಗ್ರೇಟಿಂಗ್ ಇಡಲೇಬೇಕು. ಇದನ್ನು ದಯವಿಟ್ಟು ಬಿಡಬೇಡಿ.

ಎರಡೂ ತಾವು ಅಂಟಿಕೊಂಡ ಜಾಗವನ್ನಷ್ಟೇ ನೋಡುತ್ತವೆ, ಅಲ್ವಾ? ಬಿರುಕು ಎಲ್ಲಿ ಬರಬಹುದು ಎಂದು ಗೊತ್ತಿಲ್ಲದಿದ್ದರೆ, ಅದು ಬೆಳೆಯುವ ಸದ್ದು ಹಿಡಿಯುವ ಅಕೌಸ್ಟಿಕ್ ಎಮಿಷನ್ ಸೆನ್ಸರನ್ನೂ ಜೊತೆಗೆ ಹಾಕಿ.